ರಂಟೆ ಹಿಡಿದವರ ಹೆಸರು

ಹೆಳವ ಗಂಗಪ್ಪ ನಮ್ಮ ಮನೆಗೆ ಬಂದದ್ದು ಬಸವ ಜಯಂತಿ ಮುಗಿದ ಮರುದಿನ ಬೆಳಿಗ್ಗೆ. ಅವನ ಅಪ್ಪ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಊರು ಹೊಗುತ್ತಿದ್ದನಂತೆ. ಇವನು ಸಾಮಾನು ಹೇರುವ ಟಂಟಂನಲ್ಲಿ ಬಂದ. ಗಂಟೆ ಮಾತ್ರ ಅದೇ ಹಳೆಯದು. ಟಂಟಂನ ಕನ್ನಡಿಗೆ ಕಟ್ಟಿದ್ದ.

ಹೆಳವರೆಂದರೆ ನಮ್ಮ ಕಡೆಯ ಮನೆತನಗಳ ವಂಶಾವಳಿ ಹೇಳುವವರು. ಮೂರು ನಾಲ್ಕು ವರ್ಷಕ್ಕೊಮ್ಮೆ ಬರುತ್ತಾರೆ. ಈ ಮನೆಯವರು ಎಲ್ಲಿಂದ ಬಂದರು, ಯಾರ ಮಗ ಯಾರು, ಯಾವ ಹೊಲ ಹೇಗೆ ಬಂತು ಎಂಬುದನ್ನೆಲ್ಲ ಕಟ್ಟೆಯ ಮೇಲೆ ನಿಂತು ಬಾಯಿಪಾಠ ಒಪ್ಪಿಸುತ್ತಾರೆ. ಕೇಳಿದವರು ಜೋಳ ಕೊಡುತ್ತಾರೆ, ಧೋತರ ಕೊಡುತ್ತಾರೆ, ಅನುಕೂಲ ಇದ್ದವರು ಒಂದು ಆಕಳ ಕರು ಕೊಡುತ್ತಾರೆ. ಅರಸರಿಗೆ ಶಾಸನಗಳಿದ್ದವು, ಒಕ್ಕಲುಮಕ್ಕಳಿಗೆ ಹೆಳವರಿದ್ದರು. ಇತಿಹಾಸ ಎಂ.ಎ. ಓದುವಾಗ ನಾನು ಇದನ್ನೇ ಒಂದು ಪ್ರಬಂಧದಲ್ಲಿ ಬರೆದಿದ್ದೆ: ಸಾಮಾನ್ಯ ಜನರ ಚರಿತ್ರೆಯನ್ನು ಸಾಮಾನ್ಯ ಜನರೇ ಕಾಪಾಡಿಕೊಂಡ ಬಗೆ. ಒಳ್ಳೆಯ ಅಂಕ ಬಂದಿತ್ತು. ಆಗ ನಾನು ಹೆಳವನ ಬಾಯಿಂದ ಒಂದು ವಂಶಾವಳಿಯನ್ನೂ ಪೂರ್ತಿ ಕೇಳಿರಲಿಲ್ಲ.

ಈ ಸಲ ಅವನನ್ನು ಕಾಶಿನಾಥ ಕಾಕಾನೇ ಫೋನು ಮಾಡಿ ಕರೆಸಿದ್ದ. ಕಾಕಾ ನನ್ನ ಅಪ್ಪನ ತಮ್ಮ, ಗ್ರಾಮ ಪಂಚಾಯ್ತಿಯ ಅಧ್ಯಕ್ಷ. ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನಾನು ಅವನ ಮನೆಯಲ್ಲೇ ಇದ್ದೇವೆ. ಊರ ಮುಂದೆ ಹೊಸದಾಗಿ ಕಟ್ಟಿದ ಸಮುದಾಯ ಭವನಕ್ಕೆ ನನ್ನ ಅಜ್ಜ ಈರಬಸಪ್ಪನ ಹೆಸರಿಡಬೇಕೆಂದು ಕಾಕಾ ಠರಾವು ಮಾಡಿಸಿಕೊಂಡಿದ್ದ. ಬಾಗಿಲ ಬಾಜು ಕರಿ ಕಲ್ಲಿನ ಫಲಕ ಬರಬೇಕು. ಉಳುವವನೇ ಹೊಲದೊಡೆಯ ಎಂಬ ಕಾಯ್ದೆ ನಾಡಿಗೆ ನಾಡನ್ನೇ ಬದಲಿಸುತ್ತಿದ್ದಾಗ ನಮ್ಮೂರಲ್ಲಿ ಎದೆ ಕೊಟ್ಟು ನಿಂತು ಹೊಲ ಗೆದ್ದ ರೈತ ಎಂದು ಅದರ ಮೇಲೆ ಕೆತ್ತಿರಬೇಕು. ಸಂಶಿ ಬಸ್ಸಿಗೆ ಕಾಯುವವರೆಲ್ಲ ಅದನ್ನು ಓದಬೇಕು.

“ಹೆಳವಪ್ಪ ಹೇಳಿದ್ದನ್ನ ಮೊಬೈಲ್‌ನ್ಯಾಗ ತುಂಬ್ಕೊ,” ಎಂದು ಕಾಕಾ ನನಗೆ ಹೇಳಿದ. “ಆಮ್ಯಾಲೆ ಛಂದಗೆ ನಾಕ್ ಸಾಲು ಬರಿ. ಕಲ್ಲಿನ ಮ್ಯಾಲೆ ಕೆತ್ತೂದೈತಿ, ತಪ್ಪಿರಬಾರದು. ನಿನ್ನ ಎಂ.ಎ. ಒಮ್ಮೆರ ಮನಿಗೆ ಉಪಯೋಗ ಆಗ್ಲಿ.”

ನಾನು ತಲೆ ಅಲ್ಲಾಡಿಸಿದೆ. ನಾನು ಬಹಳ ಮಾತಾಡುವವಳಲ್ಲ. ಹೇಳಬೇಕಾದದ್ದೆಲ್ಲ ಗಂಟಲ ತನಕ ಬಂದು ಅಲ್ಲೇ ಕೂತುಬಿಡುತ್ತದೆ, ಆಮೇಲೆ ಬರೆದುಕೊಳ್ಳುತ್ತೇನೆ. ಓಣಿಯವರು ಇದಕ್ಕೆ, “ಭಾಳ ಶಾಣ್ಯಾ ಹುಡುಗಿ, ದನೀನ ಕೇಳಂಗಿಲ್ಲ,” ಎನ್ನುತ್ತಾರೆ. ದನಿ ಕೇಳದಿರುವುದು ಇಲ್ಲಿ ಹುಡುಗಿಯರಿಗೆ ಕೊಡುವ ದೊಡ್ಡ ಪದವಿ.

ಆದರೆ ಹೆಳವನನ್ನು ಕಾಕಾನಿಗಿಂತ ಹೆಚ್ಚು ಕಾದವಳು ಕಸ್ತೂರೆವ್ವ. ಅಜ್ಜನ ತಂಗಿ. ನಾನು ಅವಳನ್ನು ಆಯಿ ಎನ್ನುತ್ತೇನೆ, ಕಾಕಾ ಅತ್ತಿ ಎನ್ನುತ್ತಾನೆ. ಅವಳನ್ನು ತಿರ್ಲಾಪುರದ ಕಡೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡ, ತವರಿಗೆ ಮರಳಿದಳು. ಈಗ ಎಂಬತ್ತು ದಾಟಿದೆ. ತವರಿಗೆ ಮರಳಿದಂದಿನಿಂದ ಮೈಯಲ್ಲಿ ಶಕ್ತಿ ಇರುವ ತನಕ ಈ ಮನೆಯ ಹೊಲ ಅವಳ ಹೆಗಲ ಮೇಲಿತ್ತು. ಮೊದಲು ಹೊಲ ನಮ್ಮದಾಗಿರಲಿಲ್ಲ. ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದ ರಘೂತ್ತಮರಾಯರದು. ನಾವು ಲಾವಣಿಗೆ, ಅಂದರೆ ಗೇಣಿಗೆ, ಮಾಡಿ ಅವರ ಪಾಲು ಅವರಿಗೆ ಮುಟ್ಟಿಸುತ್ತಿದ್ದೆವು. ಅಜ್ಜ ಹುಬ್ಬಳ್ಳಿಯಲ್ಲಿ ಕಾಳುಕಡಿ ದಲಾಲಿಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಅಮಾಸಿಗೊಮ್ಮೆ ಊರಿಗೆ ಬಂದು, ಹೊಲದ ಒಡ್ಡಿನ ಮೇಲೆ ಅಡ್ಡಾಡಿ, ಕಾಲು ತೊಳೆದುಕೊಂಡು ಹೋಗುತ್ತಿದ್ದ. ಬೀಜ ತೆಗೆದಿಟ್ಟವಳು, ಆಳು ಕೂಡಿಸಿದವಳು, ಕಸ ತೆಗೆದವಳು, ಮೆಣಸಿನಕಾಯಿ ಹರಿದವಳು, ಹತ್ತಿ ಬಿಡಿಸಿದವಳು, ರಾಯರ ಪಾಲನ್ನು ಚಕ್ಕಡಿಗೆ ಹೇರಿಸಿದವಳು ಆಯಿ.

ಅವಳ ಆಸೆ ಒಂದೇ. ಹೆಳವ ಈ ಮನೆಯ ಕಟ್ಟೆಯ ಮೇಲೆ ನಿಂತು ಅವಳ ಹೆಸರು ಒಮ್ಮೆ ಹೇಳಬೇಕು. ಗಂಗಪ್ಪನ ಅಪ್ಪನನ್ನು ಕೇಳಿದ್ದಳು, ಅವನು ನಕ್ಕಿದ್ದ. ಹೋದ ಸಲ ಗಂಗಪ್ಪನನ್ನು ಕೇಳಿದಾಗ, “ಮುಂದಿನ ಸಲ ನೋಡೂಣು ಬೇ,” ಅಂದಿದ್ದ.

“ಮುಂದಿನ ಸಲ ಬಂತಲ್ಲ,” ಎಂದು ಅಂದು ಬೆಳಿಗ್ಗೆ ನಾನು ಅವಳ ತಲೆ ಬಾಚುವಾಗ ಆಯಿ ಹೇಳಿದಳು. “ಇನ್ನೊಂದು ಮುಂದಿನ ಸಲಕ್ಕ ನಾ ಇರಂಗಿಲ್ಲ. ಮಕ್ಕಳಿಲ್ಲ, ಮರಿ ಇಲ್ಲ. ಈ ಮನಿಯಾಗ ನಾನೂ ಇದ್ದೆ ಅನ್ನಾಕ ಯಾರದರ ಒಂದು ದನಿ ಬೇಕಲ್ಲ ಶೈಲಾ.”

ಅವಳು ದಿನದಂತೆ ಅಡಿಗೆಮನೆಯ ಬಾಗಿಲಲ್ಲಿ ಕೂರಲಿಲ್ಲ. ಇಳಕಲ್ ಸೀರೆ ಉಟ್ಟು ತಲಬಾಗಿಲ ಹೊಸ್ತಿಲಿಗೆ ಬಂದು ಕೂತಳು.

ಮಂದಿ ಕೂಡಿದರು. ಗಂಗಪ್ಪ ರುಮಾಲು ಸುತ್ತಿ, ಗಂಟೆ ಬಾರಿಸಿ, ಕಣ್ಣು ಮುಚ್ಚಿದ.

“ಕೇಳ್ರಿ ಮನಿಯವರ, ಕೇಳ್ರಿ ಓಣಿಯವರ. ಮೂಡಲ ದಿಕ್ಕಿನಿಂದ ಬಂದವರು, ಎರಿ ಭೂಮಿ ಕಂಡು ನಿಂತವರು. ಮೂಲಪುರುಷ ಅಡಿವೆಪ್ಪ. ಅಡಿವೆಪ್ಪನ ಹೊಟ್ಟೀಲೆ ಚನ್ನವೀರಪ್ಪ. ಚನ್ನವೀರಪ್ಪನ ಹೊಟ್ಟೀಲೆ ಇಬ್ಬರು, ಫಕ್ಕೀರಪ್ಪ, ಮುದಿಯಪ್ಪ. ಮುದಿಯಪ್ಪ ಪ್ಲೇಗಿನ ಬ್ಯಾನ್ಯಾಗ ಹ್ವಾದ. ಫಕ್ಕೀರಪ್ಪನ ಹೊಟ್ಟೀಲೆ ದ್ಯಾಮಪ್ಪ...”

ನಾನು ಮೊಬೈಲು ಹಿಡಿದು ನಿಂತಿದ್ದೆ. ಹೊಟ್ಟೀಲೆ, ಹೊಟ್ಟೀಲೆ ಎಂದು ಅವನು ಹೇಳಿದ ಹಾಗೆಲ್ಲ ನನ್ನ ಮೈ ಉರಿಯುತ್ತ ಬಂತು. ಇಷ್ಟು ತಲೆಮಾರು ಹೆತ್ತ ಒಂದು ಹೆಂಗಸಿನ ಹೆಸರೂ ಇಲ್ಲ. ಹೊಟ್ಟೆ ಕೂಡ ಗಂಡಸರದೇ. ಪ್ಲೇಗಿನಲ್ಲಿ ಸತ್ತ ಮುದಿಯಪ್ಪನಿಗೆ ಜಾಗವಿದೆ, ಅವನ ಹಾಸಿಗೆಯ ಬಾಜು ಕೂತು ನೀರು ಕುಡಿಸಿದವಳಿಗೆ ಇಲ್ಲ. ಇದನ್ನೇ ನಾನು ಸಾಮಾನ್ಯ ಜನರ ಚರಿತ್ರೆ ಎಂದು ಬರೆದು ಅಂಕ ಪಡೆದದ್ದು.

“ದ್ಯಾಮಪ್ಪನ ಹೊಟ್ಟೀಲೆ ಒಬ್ಬಾನೊಬ್ಬ ಮಗ, ಹುಲಿಯಂಥಾ ಮಗ, ಈರಬಸಪ್ಪ. ಸರಕಾರ ಕಾಯ್ದೆ ತಂತು, ಉಳುವವನ ಹೊಲದೊಡೆಯ ಅಂತು. ಕುಂದಗೋಳದಾಗ ಸಾಹೇಬನ ಮುಂದ ನಿಂತು, ಎದಿ ತಟ್ಟಿ, ರಂಟಿ ಹಿಡದ ಕೈ ತೋರಿಸಿ ಹೊಲ ಗೆದ್ದ. ರಂಟಿ ಹಿಡದವನ ಹೆಸರು ಸೂರ್ಯ ಚಂದ್ರ ಇರೂತನಕ...”

ಕಾಕಾ ಗೋಡೆಯ ಮೇಲಿನ ಅಜ್ಜನ ಫೋಟೋದ ಕಡೆ ನೋಡಿ ಮೀಸೆ ಸವರಿಕೊಂಡ.

“ಗಂಗಪ್ಪಾ,” ಎಂದಳು ಆಯಿ. “ದ್ಯಾಮಪ್ಪನ ಹೊಟ್ಟೀಲೆ ಒಬ್ಬ ಅಲ್ಲಪಾ. ಇಬ್ಬರು.”

ಗಂಗಪ್ಪ ಕಣ್ಣು ತೆರೆದ. “ಗಂಡಸಮಕ್ಕಳ ಲೆಕ್ಕ ಬೇ ಯವ್ವಾ ಇದು.”

“ಹೆಣ್ಣು ಯಾವ ಲೆಕ್ಕದಾಗ ಬರ್ತಾಳ?”

“ಕೊಟ್ಟ ಮನಿ ಲೆಕ್ಕದಾಗ.”

“ತಿರ್ಲಾಪುರದ ಕಡೆಗೂ ನೀನ ಹೋಗಾಂವ. ಅಲ್ಲಿ ನನ್ನ ಹೆಸರು ಹೇಳೀದೇನು?”

ಗಂಗಪ್ಪ ಮೂಗು ಕೆರೆದುಕೊಂಡ. “ಅಲ್ಲಿ ನಿಮಗ ಗಂಡಸಮಗ ಹುಟ್ಟಿದ್ರ ಅವನ ಹೆಸರು ಬರ್ತಿತ್ರಿ.”

ಮಂದಿ ನಕ್ಕರು. ಯಾರೋ ಹಿಂದಿನಿಂದ, “ಕಸ್ತೂರೆವ್ವಗ ಇಲ್ಲೂ ಇಲ್ಲ, ಅಲ್ಲೂ ಇಲ್ಲ, ನಡುವ ಹಾದ್ಯಾಗ ನಿಂತ ಹೇಳ್ರಿ,” ಅಂದರು. ಮತ್ತೆ ನಕ್ಕರು.

“ಅತ್ತಿ, ಒಳಗ ನಡಿ,” ಎಂದ ಕಾಕಾ. “ರೆಕಾರ್ಡಿನ್ಯಾಗ ನಿನ್ನ ದನಿ ಬರಾಕತ್ತೈತಿ.”

ಗಂಗಪ್ಪ ಕೆಟ್ಟವನಲ್ಲ. ಸಮಾಧಾನದ ದನಿಯಲ್ಲಿ, “ಮುನಿಸ್ಕೋಬ್ಯಾಡ್ರಿ ಯವ್ವಾ. ನಮ್ಮ ಹಿರೇರು ಹಾಕಿದ ಕಟ್ಟಳಿ ಇದು. ರಂಟಿ ಹಿಡದವರ ಹೆಸರು ಅಷ್ಟ ಹೇಳಬೇಕು. ಹೆಣ್ಣು ರಂಟಿ ಹಿಡಿಯಂಗಿಲ್ಲ, ಅದಕ್ಕ ಹೆಣ್ಣಿನ ಹೆಸರಿಲ್ಲ. ನನ್ನ ಕೈಯಾಗ ಏನೈತಿ,” ಎಂದ.

ಈ ಕಟ್ಟಳೆ ನನಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತು. ಹೆಂಗಸು ಹೊಲದಲ್ಲಿ ಬೆನ್ನು ಮುರಿಯುವ ತನಕ ಏನು ಬೇಕಾದರೂ ಮಾಡಬಹುದು, ರಂಟೆಯ ಮೇಳಿಗೆ, ಅಂದರೆ ನೇಗಿಲ ಹಿಡಿಕೆಗೆ, ಮಾತ್ರ ಕೈ ಹಚ್ಚಬಾರದು. ಹೆಂಗಸು ನೆಲ ಉತ್ತರೆ ಭೂಮಿತಾಯಿ ಮುನಿಯುತ್ತಾಳೆ, ಮಳೆ ಹೋಗುತ್ತದೆ.

“ಹಂಗಾರ ನನ್ನ ಹೆಸರು ಹೇಳು,” ಎಂದಳು ಆಯಿ.

“ಹೆಂಗ ಹೇಳ್ಲಿ ಬೇ?”

“ನಾ ರಂಟಿ ಹಿಡದೇನಿ.”

ನಗು ಒಮ್ಮೆಲೆ ನಿಲ್ಲಲಿಲ್ಲ. ಮುಂದಿನವರು ಸುಮ್ಮನಾದರು, ಆಮೇಲೆ ಹಿಂದಿನವರು. ಕಾಕಾ ಎದ್ದು ನಿಂತ. “ವಯಸ್ಸಾತು ಆಕಿಗೆ. ತಲಿ ನಿಂತಲ್ಲಿ ನಿಲ್ಲವಲ್ದು. ನೀ ಮುಂದ ಹೇಳಪಾ ಗಂಗಪ್ಪ.”

“ತಲಿ ನಿಂತಲ್ಲೇ ನಿಂತೈತಿ ಕಾಶಿನಾಥ.”

ಮಾತಾಡಿದವಳು ರೇಷ್ಮಾಬಿ. ನಮ್ಮ ಹೊಲದ ಬಾಜು ಹೊಲದವಳು, ಆಯಿಗಿಂತ ಏಳೆಂಟು ವರ್ಷಕ್ಕೆ ಸಣ್ಣವಳು. ಕಟ್ಟೆಯ ಅಂಚಿಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. “ಎತ್ತಿನ ಹಗ್ಗಾ ನಾ ಹಿಡದಿದ್ದೆ. ಮೇಳಿ ಆಕಿ ಹಿಡದಿದ್ಲು.”

“ನಿನ್ನ ಯಾರು ಕೇಳಿದ್ರು ರೇಷ್ಮಾಬಿ?”

“ಯಾರೂ ಕೇಳ್ಲಿಲ್ಲ ನೋಡು. ಐವತ್ತು ವರ್ಷ ಆತು. ಯಾರರ ಕೇಳ್ತಾರೇನು ಅಂತ ನಾನೂ ಕಾದೆ.”

ಆಯಿ ಹೊಸ್ತಿಲ ಮೇಲಿನಿಂದ ಹೇಳತೊಡಗಿದಳು. ಯಾರ ಮುಖವನ್ನೂ ನೋಡಲಿಲ್ಲ. “ಹೊಲದಾಗ ಕರಕಿ ಹುಲ್ಲು ಹಬ್ಬಿತ್ತು. ಒಂದು ಅಡ್ಡ ಮಳಿ ಬಿದ್ದು ಹದಾ ಆಗಿತ್ತು. ಹದಾ ಹೋದ್ರ ಎರಿ ನೆಲ ಕಬ್ಬಣ ಆಗ್ತೈತಿ, ಕರಕಿ ಮುಂದಿನ ವರ್ಷ ಹೊಲಾನ ನುಂಗ್ತೈತಿ. ಅಣ್ಣ ಬರ್ತೇನಿ ಅಂದಾಂವ ಹುಬ್ಬಳ್ಳಿ ಬಿಟ್ಟು ಬರ್ಲಿಲ್ಲ. ಆಳು ಎಲ್ಲಾ ದೊಡ್ಡವರ ಹೊಲಕ್ಕ ಹೋಗಿದ್ರು. ನಸಿಕಿನ್ಯಾಗ, ಮಂದಿ ಏಳೂದ್ರೊಳಗ, ನಾವಿಬ್ಬರು ಹೋಗ್ತಿದ್ವಿ.”

“ಕಚ್ಚಿ ಹಾಕಿ ಸೀರಿ ಉಡ್ತಿದ್ಲು,” ಎಂದಳು ರೇಷ್ಮಾಬಿ. “ನಾಕು ದಿನಕ್ಕ ಮುಗಿಸಿದ್ಲು. ನಿಮ್ಮಪ್ಪ ಹಿಡದಿದ್ರ ಎಂಟು ದಿನ, ಮ್ಯಾಲೆ ಎರಡು ದಿನ ಸೊಂಟ ಹಿಡದು ಮಲಗಾಕ.”

ಕೆಲವರು ಮತ್ತೆ ನಕ್ಕರು. ಈ ನಗು ಬೇರೆ ಥರ ಇತ್ತು. ಕಾಕಾನ ಕಿವಿ ಕೆಂಪಾದವು.

“ಆ ವರ್ಷ ಮಳಿ ಹೋತು,” ಎಂದಳು ಆಯಿ. “ಎಪ್ಪತ್ತೆರಡರ ಬರಾ.”

ಯಾರೂ ನಗಲಿಲ್ಲ. ವಯಸ್ಸಾದವರು ಕೆಲವರು ನೆಲ ನೋಡಿದರು.

“ಎರಡು ವರ್ಷ ಆದ ಮ್ಯಾಲೆ ಹೊಲದ ಕಾಯ್ದೆ ಬಂತು. ಕುಂದಗೋಳದಾಗ ವಿಚಾರಣಿ. ಹೊಲಾ ಮಾಡಾಕಿ ಇಕಿ ಅಂತ ಮಂದಿ ಹೇಳಿದ್ರು, ಸಾಹೇಬ ನನ್ನೂ ಕರಿಸಿದ. ಹಿಂದಿನ ದಿನ ಅಣ್ಣ ನನ್ನ ಮುಂದ ಕುಂತು ಹೇಳಿದ. ನೀ ರಂಟಿ ಹಿಡದದ್ದು ನನಗ ಗೊತ್ತಾಗೈತಿ ಕಸ್ತೂರಿ. ಬರಾ ಬಿದ್ದದ್ದು ನಿನ್ನಿಂದ. ಎಷ್ಟು ಮಂದಿ ಊರು ಬಿಟ್ರು, ಎಷ್ಟು ದನಾ ಬಿದ್ದು ಸತ್ವು, ಅವರೆಲ್ಲಾರಿಗೂ ಹೇಳಲೇನು? ಅಂದ. ಮರದಿನ ಸಾಹೇಬ ಕೇಳಿದ, ರಂಟಿ ಯಾರು ಹೊಡೀತಾರಬೇ ಅಂತ. ಅಣ್ಣ ಹೊಡೀತಾನ್ರಿ ಅಂದೆ.”

“ಬರೇ ಅಂಜಿಕಿಗೆ ಹಂಗ ಹೇಳಿದ್ದಲ್ಲ,” ಎಂದಳು ಆಯಿ. “ಖರೇನ ನನ್ನಿಂದ ಬಿತ್ತು ಅಂತ ನಂಬಿದ್ದೆ. ಈಗೂ ನಂಬೇನಿ. ತಪ್ಪಿಗೆ ದಂಡ ಅಂತ ಹೊಲಾ ಬಿಟ್ಟೆ.”

ಗೋಡೆಯ ಮೇಲೆ ಅಜ್ಜ ಗಂಧದ ಹಾರ ಹಾಕಿಕೊಂಡು, ಜರದ ರುಮಾಲು ಸುತ್ತಿಕೊಂಡು ನೋಡುತ್ತಿದ್ದ. ಆ ಕಾಯ್ದೆಯನ್ನು ನಾನು ಎಷ್ಟು ಪುಸ್ತಕಗಳಲ್ಲಿ ಓದಿದ್ದೇನೆ. ಉತ್ತವನಿಗೆ ಭೂಮಿ ಸಿಕ್ಕಿತು, ಶತಮಾನಗಳ ಅನ್ಯಾಯ ಅಳಿಯಿತು, ಇಂತಿಷ್ಟು ಲಕ್ಷ ಕುಟುಂಬ. ಕುಟುಂಬ ಎಂದು ಬರೆದು ಮುಂದಿನ ಪುಟಕ್ಕೆ ಹೋಗುತ್ತಾರೆ. ಸರಕಾರ ಕೇಳಿದ್ದು, ರಂಟೆ ಹಿಡಿದವರು ಯಾರು ಎಂದು. ಊರು ಹೇಳಿದ್ದು, ಹೆಂಗಸು ರಂಟೆ ಹಿಡಿದರೆ ಪಾಪ ಎಂದು. ಈ ಎರಡರ ನಡುವೆ ನಿಂತು ಎಷ್ಟು ಊರುಗಳ ಎಷ್ಟು ತಂಗಿಯರು “ಅಣ್ಣ ಹೊಡೀತಾನ್ರಿ” ಅಂದಿರಬೇಕು. ಅವರೆಲ್ಲ ಸೇರಿ ಕೊಟ್ಟ ಹೊಲ ಎಷ್ಟು ಎಕರೆ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ.

“ಸತ್ತವರ ಮ್ಯಾಲೆ ಗೂಬಿ ಕೂಡಸ್ತೀ ಅತ್ತಿ,” ಎಂದ ಕಾಕಾ. ಆಮೇಲೆ ಏನೋ ಹೊಳೆದವನಂತೆ ಗಂಗಪ್ಪನ ಕಡೆ ತಿರುಗಿದ. “ಹೆಸರು ಬೇಕಂತಲ್ಲ ಆಕಿಗೆ? ಆತು, ಹೇಳು. ಆಕಿನ ಒಪ್ಪಿಕೊಂಡಾಳ. ರಂಟಿ ಹಿಡದು ಬರಾ ತಂದಾಕಿ ಅಂತ ಹೇಳು. ಇದ್ದದ್ದನ್ನ ಇದ್ದಂಗ.”

ಗಂಗಪ್ಪ ಒಂದು ಗಳಿಗೆ ಯೋಚಿಸಿದ. ಕಾಕಾ ಕೊಡುತ್ತೇನೆಂದ ಕರು ಹಿತ್ತಿಲಲ್ಲಿ ಕಟ್ಟಿತ್ತು. ಅವನು ಗಂಟೆ ಎತ್ತಿಕೊಂಡ.

“ದ್ಯಾಮಪ್ಪನ ಹೊಟ್ಟೀಲೆ ಕಸ್ತೂರೆವ್ವ. ಹೆಣ್ಣಾಗಿ ರಂಟಿ ಹಿಡದಾಕಿ, ಮುಗಿಲ ಮುನಿಸಿದಾಕಿ, ನಾಡಿಗೆ ಬರಾ ತಂದಾಕಿ...”

ಎಷ್ಟು ಸಲೀಸಾಗಿ ಬಂತು ಆ ಸಾಲು. ಇಷ್ಟು ಹೊತ್ತು ಹೆಣ್ಣಿನ ಹೆಸರಿಗೆ ಜಾಗವೇ ಇಲ್ಲ ಎಂದ ನಾಲಗೆಗೆ, ಅಪರಾಧಿ ಬೇಕಾದ ಕೂಡಲೇ ಪ್ರಾಸ ಸಹಿತ ಜಾಗ ಸಿಕ್ಕಿತು. ಆಯಿಯ ಕಡೆ ನೋಡಿದೆ. ಅವಳು ಕೈ ಮುಗಿದುಕೊಂಡಿದ್ದಳು. “ಹೌದು,” ಎಂದಳು ಮೆಲ್ಲಗೆ. “ಹಂಗರ ಬರ್ಲಿ.”

ಅವಳು ಹಾಗೆ ಕೈಮುಗಿದದ್ದನ್ನು ನನಗೆ ನೋಡಲಾಗಲಿಲ್ಲ.

“ಬೀಡನ್ಯಾಗ ಯಾರು ರಂಟಿ ಹಿಡದಿದ್ರು?” ಎಂದೆ.

ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಎಲ್ಲರೂ ತಿರುಗಿದರು. “ಏನಂದಿ?” ಎಂದ ಕಾಕಾ.

“ಬೀಡ. ಸೊಲ್ಲಾಪುರ. ಅಹಮದನಗರ. ಉಸ್ಮಾನಾಬಾದ. ಆ ವರ್ಷ ಅಲ್ಲೆಲ್ಲಾ ಮಳಿ ಹೋಗಿತ್ತು. ಇಡೀ ಮಹಾರಾಷ್ಟ್ರದ ಮಂದಿ ಬರಗಾಲದ ಕೆಲಸಕ್ಕ ಹೋಗಿ ಕಲ್ಲು ಒಡದ್ರು. ಗುಜರಾತದಾಗ ಮಳಿ ಇಲ್ಲ, ರಾಜಸ್ಥಾನದಾಗ ಇಲ್ಲ, ನಮ್ಮ ವಿಜಾಪುರ, ಕಲಬುರ್ಗಿಯಾಗ ಇಲ್ಲ. ಆಯಿ ಕುಂದಗೋಳ ತಾಲೂಕಿನ್ಯಾಗ ಒಂದು ಹೊಲಾ ಹೊಡದ್ಲು ಅಂತ ಅರ್ಧಾ ದೇಶದ ಮ್ಯಾಲೆ ಮುಗಿಲು ಮುನಿಸ್ಕೊಂತೇನು?”

“ಬುಕ್ಕಿನ ಮಾತು ಬ್ಯಾಡ ಇಲ್ಲಿ.”

“ಬುಕ್ಕು ಬ್ಯಾಡ, ಬಿಡ್ರಿ. ಅಜ್ಜ ಅಡತಿ ಅಂಗಡಿಯಾಗ ಇದ್ದಾಂವ. ಸೊಲ್ಲಾಪುರದಿಂದ, ವಿಜಾಪುರದಿಂದ ಜ್ವಾಳಾ ಬರೂದು ನಿಂತದ್ದು ಮೊದಲ ಗೊತ್ತಾಗೂದು ಯಾರಿಗೆ? ಅಂಗಡಿ ಗುಮಾಸ್ತಗ. ಬರಾ ಎಲ್ಲೆಲ್ಲಿ ಬಿದ್ದೈತಿ ಅಂತ ದಿನಾ ಮಾಲು ನೋಡಿ ಹೇಳ್ತಿದ್ದಾಂವ ಅವ. ಎಲ್ಲಾ ಗೊತ್ತಿದ್ದು, ಗೊತ್ತಿಲ್ಲದ ತಂಗಿ ಮುಂದ ಕುಂತು, ನಿನ್ನಿಂದ ಬಿತ್ತು ಅಂದ.”

ಇಷ್ಟು ಹೇಳುವುದರೊಳಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಸಿಟ್ಟಿಗೆ ಬಂದದ್ದು. ಅಡಿಗೆಮನೆಯಿಂದ ಅವ್ವ ಓಡಿ ಬಂದು ನನ್ನ ರೆಟ್ಟೆ ಹಿಡಿದಳು. “ಸುಮ್ನಿರ ಶೈಲಾ. ನಾವು ಇರೂದು ಇದ ಮನಿಯಾಗ.” ನಾನು ಕೈ ಬಿಡಿಸಿಕೊಂಡೆ.

ಆಯಿ ನನ್ನನ್ನೇ ನೋಡುತ್ತಿದ್ದಳು. “ಖರೇನ ಇದು?”

“ಖರೇ ಆಯಿ.”

“ವಿಜಾಪುರದ ಕಡೆ ಮಂದಿ ಗಂಟು ಕಟ್ಕೊಂಡು ಸಂಶಿ ಟೇಶನ್ನಿನ್ಯಾಗ ಇಳೀತಿದ್ರು,” ಎಂದಳು ಆಯಿ. “ಕೂಸುಗಳು ಹೊಟ್ಟಿಗಿಲ್ಲದ ಒಣಗಿದ್ವು. ನಾ ನುಚ್ಚು ಕುದಿಸಿ ಒಯ್ದು ಕೊಟ್ಟು, ಮನಸ್ಸಿನ್ಯಾಗ ಅವರ ಕಾಲಿಗೆ ಬೀಳ್ತಿದ್ದೆ. ನನ್ನ ರಂಟಿ ಅಷ್ಟು ದೂರ ಮುಟ್ಟೇತಿ ಅಂದ್ಕೊಂಡಿದ್ದೆ.”

ರೇಷ್ಮಾಬಿ ಬಾಯಿಯೊಳಗಿನ ಎಲೆ ಅಗಿಯುವುದನ್ನು ನಿಲ್ಲಿಸಿದಳು. “ನನಗೊಮ್ಮೆ ಹೇಳಬಾರದಿತ್ತನ ಕಸ್ತೂರಕ್ಕಾ. ಹಗ್ಗಾ ಹಿಡದಾಕಿ ನಾನೂ ಇದ್ದೆನಲ್ಲ. ಅರ್ಧಾ ಪಾಪ ನನಗರ ಕೊಡಬೇಕಿತ್ತು.”

“ನಿನಗ ಸಣ್ಣ ಕೂಸಿತ್ತಲ್ಲ,” ಎಂದಳು ಆಯಿ.

ಮಂದಿಯಲ್ಲಿ ಗುಜುಗುಜು ಎದ್ದಿತು. ಬರುವ ವರ್ಷ ಪಂಚಾಯ್ತಿ ಚುನಾವಣೆ. ಕಾಕಾ ಮಂದಿಯ ಮುಖ ಓದುವುದರಲ್ಲಿ ಹುಷಾರಿ. ಒಂದು ಸುತ್ತು ಎಲ್ಲರನ್ನೂ ನೋಡಿ, ದನಿ ಇಳಿಸಿದ.

“ಆತು. ಹಳೇ ಮಾತು, ಯಾರು ಖರೇ ಯಾರು ಸುಳ್ಳು ಯಾರಿಗೆ ಗೊತ್ತೈತಿ. ನಮ್ಮತ್ತಿ ಜೀವಾ ತೇದಾಳ ಈ ಮನಿಗೆ, ಇಲ್ಲ ಅನ್ನಾಕ ನಾ ಯಾರು. ಗಂಗಪ್ಪ, ಬರಾ ಗಿರಾ ಎಲ್ಲಾ ತೆಗಿ. ಈರಬಸಪ್ಪ, ಅವನ ಪ್ರೀತಿ ತಂಗಿ ಕಸ್ತೂರೆವ್ವ, ಅಣ್ಣನ ನೆಳ್ಳಾಗಿ ಬಾಳಿದಾಕಿ ಅನ್ನು. ರಂಟಿ ಮಾತು ಬ್ಯಾಡ.”

ಗಂಗಪ್ಪನಿಗೆ ಜೀವ ಬಂತು. ಗಂಟೆ ಬಾರಿಸಿ ಹಾಗೆಯೇ ಹೇಳಿದ. ದ್ಯಾಮಪ್ಪನ ಹೊಟ್ಟೀಲೆ ಇಬ್ಬರು. ರಂಟಿ ಹಿಡದು ಹೊಲ ಗೆದ್ದ ಈರಬಸಪ್ಪ. ಅಣ್ಣನ ನೆಳ್ಳಾಗಿ ಬಾಳಿದಾಕಿ ಕಸ್ತೂರೆವ್ವ.

ಮಂದಿಗೆಲ್ಲ ಸಮಾಧಾನವಾಯಿತು. “ಬಂತಲ್ಲ ಬೇ ಕಸ್ತೂರೆವ್ವಾ, ಹೆಸರು ಬಂತು,” ಎಂದರು ಒಬ್ಬರು. “ದೊಡ್ಡ ಮನಸ್ಸು ಮಾಡಿದ್ರಿ ಅಧ್ಯಕ್ಷರ,” ಎಂದರು ಇನ್ನೊಬ್ಬರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟು ವರ್ಷ ಬೇಡಿದ್ದು ಸಿಕ್ಕಿತ್ತು. ನನಗೂ ಒಂದು ಕ್ಷಣ, ಇದಾದರೂ ಇರಲಿ, ಮುದುಕಿ ನೆಮ್ಮದಿಯಿಂದ ಇರಲಿ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೂ ಸಿಟ್ಟು ಬಂತು.

“ತೆಗಿ,” ಎಂದಳು ಆಯಿ.

“ಏನ ತೆಗೀಬೇಕು ಬೇ?”

“ನನ್ನ ಹೆಸರು. ಅದರಾಗಿಂದ ತೆಗಿ.”

ಗಂಗಪ್ಪ ಕಕ್ಕಾಬಿಕ್ಕಿಯಾದ. “ನೀವ ಬೇಕು ಅಂದ್ರಲ್ಲ.”

“ರಂಟಿ ಹಿಡದಾಕಿ ಅಂದ್ರ ಹೇಳು. ಇಲ್ಲಂದ್ರ ಬ್ಯಾಡ.”

“ಅತ್ತಿ, ಸಿಕ್ಕಷ್ಟು ತಗೊ,” ಎಂದ ಕಾಕಾ. “ಭಾಳ ಜಗ್ಗಬ್ಯಾಡ.”

ಆಯಿ ಹೊಸ್ತಿಲು ಹಿಡಿದು ಎದ್ದು ನಿಂತಳು. ಅವಳು ನಿಂತು ಕಾಕಾನ ಜೊತೆ ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. “ಕುಂದಗೋಳದಾಗ ಒಮ್ಮೆ ಅವನ ಸುಳ್ಳಿಗೆ ಸಾಕ್ಷಿ ಹೇಳೇನಿ ಕಾಶಿನಾಥ. ಈಗ ಅವನ ಹೆಸರಿನ ಬಾಜು ಕುಂತು, ನೆಳ್ಳು ಅನ್ನಿಸ್ಕೊಂಡು, ಇನ್ನೊಮ್ಮೆ ಸಾಕ್ಷಿ ಹೇಳಂಗಿಲ್ಲ. ಆವತ್ತು ತಪ್ಪು ಮಾಡೇನಿ ಅಂತ ಬಾಯಿ ಮುಚ್ಚಿದ್ದೆ. ತಪ್ಪ ಇದ್ದಿಲ್ಲಲ್ಲ. ಮತ್ಯಾಕ ಮುಚ್ಚಲಿ?”

“ಹೇಳಿದ ಹೆಸರು ತೆಗಿಯಾಕ ಬರಂಗಿಲ್ಲ ಯವ್ವಾ, ಕಟ್ಟಳಿ ಇಲ್ಲ,” ಎಂದ ಗಂಗಪ್ಪ.

“ಇಷ್ಟು ವರ್ಷ ತೆಗದ ಇಟ್ಟಿದ್ರಲ್ಲ ನಿಮ್ಮಪ್ಪ, ನೀನು. ಆ ವಿದ್ಯೆ ಬರ್ತೈತಿ ನಿಮಗ.”

ಗಂಗಪ್ಪ ಕಾಕಾನ ಮುಖ ನೋಡಿದ. ಕಾಕಾ ಕೈ ಬೀಸಿದ. ಗಂಗಪ್ಪ ಕೊನೆಯ ಸಲ ಗಂಟೆ ಬಾರಿಸಿ, ದ್ಯಾಮಪ್ಪನ ಹೊಟ್ಟೀಲೆ ಒಬ್ಬಾನೊಬ್ಬ ಮಗ ಎಂದು ಹೇಳಿ, ಹೊಲ ಗೆದ್ದದ್ದು ಹೇಳಿ, ಪಂಚಾಯ್ತಿ ಅಧ್ಯಕ್ಷ ಕಾಶಿನಾಥನ ತನಕ ಬಂದು ಮುಗಿಸಿದ. ಆದರೆ ಮಂದಿಯಲ್ಲಿ ಅರ್ಧ ಜನ ಆಗಲೇ ಎದ್ದು ಹೋಗಿದ್ದರು. ಉಳಿದವರು ಗಂಗಪ್ಪನನ್ನು ನೋಡುತ್ತಿರಲಿಲ್ಲ.

“ಕಡೀಕ ಹೇಳಿದ್ದನ್ನಷ್ಟ ಇಟ್ಕೊ,” ಎಂದು ಕಾಕಾ ನನಗೆ ಹೇಳಿದ. “ನಡುವಿಂದು ಅಳಿಸು. ನಾಳಿ ಬರದು ಕೊಡು, ಕಲ್ಲಿನವ ಕಾಯಾಕತ್ತಾನ.”

“ನಾ ಬರಿಯಂಗಿಲ್ಲ ಕಾಕಾ.”

“ಉಣ್ಣೂದು ಯಾರ ಮನಿಯಾಗ ಅನ್ನೂದು ಗೊತ್ತೈತಿಲ್ಲ?”

“ಯಾರ ಹೊಲದ್ದು ಉಣ್ಣಾಕತ್ತೇವಿ ಅನ್ನೂದು ಈಗ ಗೊತ್ತಾತು. ಇಬ್ಬರಿಗೂ.”

ಅವನು ಕೈ ಎತ್ತಲಿಲ್ಲ. ಎತ್ತಿದ್ದರೂ ನಾನು ಕದಲುತ್ತಿರಲಿಲ್ಲ ಎಂದು ಈಗ ಬರೆಯುವುದು ಸುಲಭ. ಕಾಕಾ ಒಳಗೆ ಹೋಗಿ ಟಿ.ವಿ. ಹಚ್ಚಿದ, ದನಿ ಜೋರು ಮಾಡಿದ. ಅವ್ವ ನನ್ನ ಮುಖ ನೋಡದೆ ಅಡಿಗೆಮನೆಗೆ ಹೋದಳು. ನಾಳೆ ಈ ಮನೆಯಲ್ಲಿ ನಮ್ಮಿಬ್ಬರ ಸ್ಥಿತಿ ಏನು ಎಂಬುದು ಅವಳು ಪಾತ್ರೆ ಇಡುವ ಸಪ್ಪಳದಲ್ಲೇ ಗೊತ್ತಾಗುತ್ತಿತ್ತು. ಫಲಕ ಬೇರೆ ಯಾರಾದರೂ ಬರೆಯುತ್ತಾರೆ. ಬರೆಯುವವರಿಗೆ ಬರವಿಲ್ಲ. ಕಲ್ಲು ನಿಲ್ಲುತ್ತದೆ, ಸಂಶಿ ಬಸ್ಸಿಗೆ ಕಾಯುವವರು ಓದುತ್ತಾರೆ.

ಗಂಗಪ್ಪ ಕರುವನ್ನು ಟಂಟಂಗೆ ಹತ್ತಿಸುತ್ತಿದ್ದಾಗ ಆಯಿ ಒಂದು ಮೊರ ಜೋಳ ತಂದು ಅವನ ಚೀಲಕ್ಕೆ ಸುರಿದಳು. ಅವನು ತಲೆ ತಗ್ಗಿಸಿ, “ನನ್ನ ಮ್ಯಾಲೆ ಸಿಟ್ಟಿಲ್ಲಲ್ಲ ಬೇ,” ಎಂದ.

“ಐತಿ,” ಎಂದಳು ಆಯಿ. “ಜ್ವಾಳಾ ಒಯ್ಯಿ. ಮನಿಯಾಗ ಮಕ್ಕಳು ಉಣ್ಣಬೇಕಲ್ಲ.”

ಟಂಟಂ ಹೋದ ಮೇಲೆ ಕಟ್ಟೆಯ ಮೇಲೆ ನಾವು ಮೂವರೇ ಉಳಿದೆವು: ಆಯಿ, ರೇಷ್ಮಾಬಿ, ನಾನು. ಆಯಿ ತನ್ನ ಅಂಗೈ ನೋಡಿಕೊಂಡು ಕೂತಿದ್ದಳು.

“ಶೈಲಾ, ಆ ಊರಿನ ಹೆಸರು ಇನ್ನೊಮ್ಮೆ ಹೇಳು.”

ಒಳಗಿನ ಟಿ.ವಿ.ಗೂ ಮೀರಿ ಕೇಳಲಿ ಎಂದು ನಾನು ದನಿ ಎತ್ತಿದೆ. “ಬೀಡ.”

“ಅಲ್ಲಿ ನಾ ಹೊಡದಿಲ್ಲ,” ಎಂದಳು ಆಯಿ.

“ಸೊಲ್ಲಾಪುರ.”

“ಅಲ್ಲೂ ಹೊಡದಿಲ್ಲ.”

“ಅಹಮದನಗರ. ಉಸ್ಮಾನಾಬಾದ.”

“ಎಲ್ಲಿ ಬರ್ತಾವ ಅವು, ನಾ ನೋಡೇ ಇಲ್ಲ.” ರೇಷ್ಮಾಬಿ ನಕ್ಕಳು. ಆಯಿ ನಗಲಿಲ್ಲ. ಒಂದೊಂದು ಹೆಸರಿಗೂ ತಲೆ ಅಲ್ಲಾಡಿಸುತ್ತ, ತಲೆಯ ಮೇಲಿನ ಹೊರೆಯಿಂದ ಒಂದೊಂದೇ ಕಟ್ಟು ಇಳಿಸಿದಂತೆ ಕೂತಿದ್ದಳು.

“ವಿಜಾಪುರ,” ಎಂದೆ.

“ಹೊಡದಿಲ್ಲ.” ಈ ಸಲ ಅವಳ ದನಿ ಒಡೆಯಿತು. ಸೆರಗಿನಿಂದ ಬಾಯಿ ಒತ್ತಿಕೊಂಡಳು. ನಾನು ಹೇಳುವುದನ್ನು ನಿಲ್ಲಿಸಿದೆ. “ಮುಂದ ಹೇಳು,” ಎಂದಳು.

“ಕುಂದಗೋಳ.”

ಆಯಿ ಸೆರಗು ತೆಗೆದಳು.

“ಅಲ್ಲಿ ಹೊಡದೇನಿ,” ಎಂದಳು. “ನಾಕು ದಿನ.”